ತುಂಬೆಯಲ್ಲಿ ನೀರಿದೆ, ಎಷ್ಟು ದಿನಕ್ಕೆ?

ಮಾರ್ಚ್ ತಿಂಗಳು ಕಾಲಿಟ್ಟಿತೆಂದರೆ ಮಂಗಳೂರಿನ ಪತ್ರಿಕೆಗಳ ಸ್ಥಳೀಯ ಪುಟಗಳಲ್ಲಿ ಒಂದು ಅಂಕಿ ಕಾಣಿಸಿಕೊಳ್ಳತೊಡಗುತ್ತದೆ. ಅದು ತುಂಬೆ ಕಿಂಡಿ ಅಣೆಕಟ್ಟಿನ ನೀರಿನ ಮಟ್ಟ. ಆರು ಮೀಟರ್ ಇದ್ದದ್ದು ಐದೂವರೆಗೆ ಇಳಿಯಿತು, ಐದಕ್ಕೆ ಇಳಿಯಿತು ಎಂಬ ಸುದ್ದಿ ಮತ್ತೆ ಮತ್ತೆ ಬರುತ್ತದೆ. ನಾಲ್ಕರ ಸಮೀಪ ಬಂದಾಗ ಮಹಾನಗರ ಪಾಲಿಕೆಯಲ್ಲಿ ತುರ್ತು ಸಭೆ ನಡೆಯುತ್ತದೆ, ಜನಪ್ರತಿನಿಧಿಗಳೂ ಅಧಿಕಾರಿಗಳೂ ತುಂಬೆಗೆ ಭೇಟಿ ನೀಡುತ್ತಾರೆ, ವಾಹನ ತೊಳೆಯಬೇಡಿ, ಕಟ್ಟಡ ಕಾಮಗಾರಿಗೆ ಕುಡಿಯುವ ನೀರು ಬಳಸಬೇಡಿ ಎಂಬ ಪ್ರಕಟಣೆ ಹೊರಡುತ್ತದೆ. ಜೂನ್ ತಿಂಗಳಲ್ಲಿ ನಾಲ್ಕು ದಿನ ಒಳ್ಳೆಯ ಮಳೆ ಸುರಿದರೆ ಸಾಕು, ಆ ಅಂಕಿಯೂ ಮಾಯ, ಚರ್ಚೆಯೂ ಮಾಯ. ಮುಂದಿನ ಮಾರ್ಚ್‌ವರೆಗೆ ಯಾರಿಗೂ ಅದರ ನೆನಪಿಲ್ಲ. ನೀರಿನ ವಿಚಾರವನ್ನು ನೀರಿಲ್ಲದ ದಿನಗಳಲ್ಲಿ ಮಾತ್ರ ಮಾತನಾಡುವ ಈ ಅಭ್ಯಾಸದಿಂದಲೇ ನಮ್ಮ ಅರ್ಧ ಸಮಸ್ಯೆ ಹುಟ್ಟಿದೆ ಎಂದು ನಮಗೆ ಅನ್ನಿಸುತ್ತದೆ. ಆದ್ದರಿಂದ ಯಾರ ನಲ್ಲಿಯೂ ಒಣಗದಿರುವಾಗಲೇ ಈ ವಿಷಯವನ್ನು ಎತ್ತಿಕೊಂಡಿದ್ದೇವೆ.

ತುಂಬೆ ಇರುವುದು ಬಂಟ್ವಾಳ ತಾಲೂಕಿನಲ್ಲಿ, ಮಂಗಳೂರಿನಿಂದ ಸುಮಾರು ಹದಿನೈದು ಕಿಲೋಮೀಟರ್ ದೂರದಲ್ಲಿ, ನೇತ್ರಾವತಿ ನದಿಯ ದಡದಲ್ಲಿ. ಕುದುರೆಮುಖ ಶ್ರೇಣಿಯಲ್ಲಿ ಹುಟ್ಟುವ ನೇತ್ರಾವತಿ ಧರ್ಮಸ್ಥಳವನ್ನು ದಾಟಿ, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು, ಬಂಟ್ವಾಳ ಪಾಣೆಮಂಗಳೂರುಗಳ ನಡುವೆ ಹರಿದು ತುಂಬೆಗೆ ಬರುತ್ತಾಳೆ. ಅಲ್ಲಿಂದ ಮುಂದೆ ಹೆಚ್ಚು ದೂರವಿಲ್ಲ. ಉಳ್ಳಾಲದ ಬಳಿ ಸಮುದ್ರ ಸೇರುವ ಮೊದಲು ಬೇಸಗೆಯಲ್ಲಿ ಉಪ್ಪುನೀರು ನದಿಯೊಳಕ್ಕೆ ಏರಿ ಬರುತ್ತದೆ. ಆದ್ದರಿಂದ ಸಿಹಿನೀರನ್ನು ಹಿಡಿದಿಡಬೇಕಾದರೆ ಅದಕ್ಕಿಂತ ಮೇಲೆಯೇ ಹಿಡಿಯಬೇಕು.

ಅಣೆಕಟ್ಟು ಎಂದ ಕೂಡಲೇ ಹೊರಗಿನವರಿಗೆ ಕೆಆರ್‌ಎಸ್ ಅಥವಾ ತುಂಗಭದ್ರಾ ನೆನಪಾಗಬಹುದು. ತುಂಬೆಯದ್ದು ಅಂಥದ್ದಲ್ಲ. ಅದು ಕಿಂಡಿ ಅಣೆಕಟ್ಟು. ಮಳೆಗಾಲದಲ್ಲಿ ಗೇಟುಗಳನ್ನು ಎತ್ತಿ ಪ್ರವಾಹವನ್ನು ಹಾಗೆಯೇ ಹೋಗಲು ಬಿಡುತ್ತಾರೆ. ಮಳೆ ಕಡಿಮೆಯಾಗಿ ನದಿ ಸಣ್ಣದಾದ ಮೇಲೆ ಗೇಟು ಹಾಕಿ ನದಿಯ ಪಾತ್ರದಲ್ಲಿಯೇ ನೀರನ್ನು ನಿಲ್ಲಿಸುತ್ತಾರೆ. ನಮ್ಮ ಹಿರಿಯರು ತೋಡುಗಳಿಗೆ ಕಲ್ಲು, ಮಣ್ಣು, ಸೊಪ್ಪು ಹಾಕಿ ಪ್ರತಿ ವರ್ಷ ಕಟ್ಟುತ್ತಿದ್ದ 'ಕಟ್ಟ'ದ ದೊಡ್ಡ ರೂಪವೇ ಇದು ಎನ್ನಬಹುದು. ಇದರಲ್ಲಿ ಇಡೀ ವರ್ಷದ ಮಳೆ ಕೂಡಿಡಲು ಜಾಗವಿಲ್ಲ. ನದಿ ಹರಿಯುತ್ತಿರುವಷ್ಟು ದಿನ ಹರಿವಿನಿಂದ ನೀರೆತ್ತುವುದು, ಹರಿವು ನಿಂತ ಮೇಲೆ ನಿಂತ ನೀರನ್ನು ದಿನ ಲೆಕ್ಕ ಹಾಕಿ ಖರ್ಚು ಮಾಡುವುದು, ಇಷ್ಟೇ ಇದರ ಕೆಲಸ.

ಹಳೆಯ ಅಣೆಕಟ್ಟಿನ ಎತ್ತರ ನಾಲ್ಕು ಮೀಟರ್ ಇತ್ತು. ನಗರ ಬೆಳೆದಂತೆ ಅದು ಸಾಲದಾಯಿತು. ಪಕ್ಕದಲ್ಲಿಯೇ ಸುಮಾರು 75 ಕೋಟಿ ರೂಪಾಯಿ ವೆಚ್ಚದಲ್ಲಿ, ಏಳು ಮೀಟರ್‌ವರೆಗೆ ನೀರು ನಿಲ್ಲಿಸಬಹುದಾದ ಹೊಸ ಅಣೆಕಟ್ಟು ಎದ್ದಿತು. ಮೊದಲು ಐದು ಮೀಟರ್, ಆಮೇಲೆ ಆರು ಮೀಟರ್ ಎಂದು ಹಂತ ಹಂತವಾಗಿ ನೀರು ನಿಲ್ಲಿಸಲಾಯಿತು. ಇನ್ನು ಮಂಗಳೂರಿಗೆ ನೀರಿನ ಚಿಂತೆಯಿಲ್ಲ ಎಂದು ಆಗ ಎಲ್ಲರೂ ನಂಬಿದ್ದೆವು. ಹಾಗೆ ನಂಬುವುದಕ್ಕೆ ಕಾರಣವೂ ಇತ್ತು. 2016ರ ಏಪ್ರಿಲ್ ಮೇ ತಿಂಗಳ ಕಷ್ಟವನ್ನು ಕಂಡವರು ಅದನ್ನು ಮರೆಯಲಾರರು. ನಲ್ಲಿಯಲ್ಲಿ ನೀರಿಲ್ಲ, ಟ್ಯಾಂಕರಿಗೆ ಫೋನ್ ಮಾಡಿದರೆ ಎತ್ತುವವರಿಲ್ಲ, ವಿದ್ಯಾರ್ಥಿ ನಿಲಯಗಳು ಮಕ್ಕಳನ್ನು ಊರಿಗೆ ಕಳುಹಿಸಿದ್ದವು. ಆಗ ಹೊಸ ಅಣೆಕಟ್ಟಿನಲ್ಲಿ ನೀರು ನಿಲ್ಲಿಸುವುದು ಇನ್ನೂ ಆರಂಭವಾಗಿರಲಿಲ್ಲ.

ಆದರೆ ಹೊಸ ಅಣೆಕಟ್ಟು ಬಂದ ಮೇಲೆ, 2019ರ ಬೇಸಗೆಯಲ್ಲಿ ಮತ್ತೆ ಸರದಿಯಂತೆ ನೀರು ಬಿಡಬೇಕಾಯಿತು. 2023ರಲ್ಲಿ ಇನ್ನೊಮ್ಮೆ.

ಏಳು ದಿನಗಳ ಅಂತರ

ಈ ಮೂರು ವರ್ಷಗಳಿಗೂ ಸಮಾನವಾದ ಒಂದು ಸಂಗತಿಯಿದೆ. ಮುಂಗಾರು ಕೇರಳವನ್ನು ತಲುಪುವ ವಾಡಿಕೆಯ ದಿನ ಜೂನ್ 1. ಹವಾಮಾನ ಇಲಾಖೆಯ ಪ್ರಕಾರ 2016ರಲ್ಲಿ ಅದು ತಲುಪಿದ್ದು ಜೂನ್ 8ರಂದು. 2019ರಲ್ಲಿ ಜೂನ್ 8ರಂದು. 2023ರಲ್ಲಿಯೂ ಜೂನ್ 8ರಂದು. ಮೂರು ಬಾರಿಯೂ ಒಂದೇ ದಿನಾಂಕ ಬಂದದ್ದು ಆಕಸ್ಮಿಕವೇ ಇರಬಹುದು. ಆದರೆ ವಿಳಂಬ ಎಷ್ಟೆಂಬುದನ್ನು ಗಮನಿಸಿ. ಕೇವಲ ಒಂದು ವಾರ!

ಇಡೀ ಕಷ್ಟವನ್ನು ಆ ಒಂದು ವಾರದ ಮೇಲೆ ಹೊರಿಸಲು ನಾವು ಹೊರಟಿಲ್ಲ. ಸರದಿ ಆರಂಭವಾದದ್ದು ಜೂನ್‌ಗಿಂತ ಬಹಳ ಮೊದಲೇ. ಹಿಂದಿನ ಹಿಂಗಾರು ಹೇಗಿತ್ತು, ಏಪ್ರಿಲ್ ಮೇ ತಿಂಗಳಲ್ಲಿ ಘಟ್ಟದ ಮೇಲೆ ಗುಡುಗು ಮಳೆ ಬಿತ್ತೇ ಇಲ್ಲವೇ, ನದಿಯ ಒಳಹರಿವು ಯಾವ ದಿನ ನಿಂತಿತು ಎಂಬ ಹಲವು ಸಂಗತಿಗಳು ಇದರಲ್ಲಿ ಕೂಡಿಕೊಂಡಿವೆ. ಆದರೂ ಮಾತು ಬದಲಾಗುವುದಿಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್‌ಗೂ ಮೀರಿ ಮಳೆ ಬೀಳುವ ಊರು, ಮಳೆ ಒಂದು ವಾರ ತಡವಾಗುತ್ತದೆ ಎಂದರೆ ನಡುಗಬೇಕಾದ ಸ್ಥಿತಿಯಲ್ಲಿದೆ. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂತು, ಎರಡು ಮೂರು ದಿನಗಳಲ್ಲಿ ಕರಾವಳಿಯೆಲ್ಲ ತೊಯ್ದಿತು. ಆಗ ನಾವು ಪಾರಾದೆವು. ಪಾರಾದದ್ದಕ್ಕೆ ಪಾಲಿಕೆಯ ಯೋಜನೆ ಕಾರಣವಲ್ಲ, ಮೋಡ ಕಾರಣ.

2019ನೇ ವರ್ಷವನ್ನು ಸ್ವಲ್ಪ ವಿವರವಾಗಿ ನೋಡೋಣ. ಆ ಮೇ ತಿಂಗಳಲ್ಲಿ ನೇತ್ರಾವತಿ ಎಷ್ಟು ಬತ್ತಿದ್ದಳೆಂದರೆ, ಕ್ಷೇತ್ರಕ್ಕೆ ಬರುವ ಪ್ರವಾಸವನ್ನು ಸ್ವಲ್ಪ ದಿನ ಮುಂದೂಡುವಂತೆ ಧರ್ಮಸ್ಥಳದ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಭಕ್ತರಲ್ಲಿ ವಿನಂತಿಸಿಕೊಳ್ಳಬೇಕಾಯಿತು. ಅದೇ ವರ್ಷ ಆಗಸ್ಟ್ ತಿಂಗಳಲ್ಲಿ ಬೆಳ್ತಂಗಡಿ ತಾಲೂಕಿನ ಚಾರ್ಮಾಡಿ ಕಡೆಯ ಹಳ್ಳಿಗಳಲ್ಲಿ ಅದೇ ನದಿಯ ಉಪನದಿಗಳು ಸೇತುವೆ, ತೋಟ, ಮನೆಗಳನ್ನು ಕೊಚ್ಚಿಕೊಂಡು ಹೋದವು. ಬಂಟ್ವಾಳದ ಹಳಬರಿಗೆ ನೆರೆ ಹೊಸದಲ್ಲ. 1974ರ ನೆರೆಯನ್ನು ಕಂಡವರು ಈಗಲೂ ಇದ್ದಾರೆ, 1923ರ ಮಾರಿಬೊಳ್ಳದ ಕಥೆ ಮನೆಮನೆಗಳಲ್ಲಿ ಉಳಿದುಕೊಂಡು ಬಂದಿದೆ. ಹೊಸದು ಯಾವುದೆಂದರೆ ಮೂರೇ ತಿಂಗಳ ಅಂತರದಲ್ಲಿ ಬರವೂ ನೆರೆಯೂ ಒಂದೇ ನದಿಯಲ್ಲಿ ಬಂದದ್ದು. ಬಿದ್ದ ಮಳೆ ನೆಲದೊಳಗೆ ಇಳಿಯದೆ ಒಂದೇ ಏಟಿಗೆ ಸಮುದ್ರಕ್ಕೆ ಓಡುತ್ತಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕೇ? ಘಟ್ಟದ ಹುಲ್ಲುಗಾವಲು ಮತ್ತು ಶೋಲಾ ಕಾಡು ಮಳೆಗಾಲದಲ್ಲಿ ನೀರನ್ನು ಹೀರಿಕೊಂಡು ಬೇಸಗೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಬಿಡುತ್ತವೆ. ಮಾರ್ಚ್ ಏಪ್ರಿಲ್‌ನಲ್ಲಿ ತುಂಬೆಗೆ ಬರುವ ನೀರು ಆ ನೀರೇ. ಗೇಟಿನ ಎತ್ತರ ಹೆಚ್ಚಿಸುವುದರಿಂದ ಅದು ಹೆಚ್ಚಾಗದು.

ನೀರು ಕಡಿಮೆಯೇ?

ಮಂಗಳೂರಿಗೆ ತುಂಬೆಯಿಂದ ದಿನಕ್ಕೆ ಸುಮಾರು 160 ಎಂಎಲ್‌ಡಿ, ಅಂದರೆ 16 ಕೋಟಿ ಲೀಟರ್ ನೀರು ಪಂಪ್ ಆಗುತ್ತದೆ. ಈ ಅಂಕಿಯನ್ನು ನಾವೆಲ್ಲ ಕೇಳಿದ್ದೇವೆ, ಆದರೆ ಕೂಡಿ ಕಳೆದು ನೋಡಿದವರು ಕಡಿಮೆ. ಇಡೀ ವರ್ಷಕ್ಕೆ ಲೆಕ್ಕ ಹಾಕಿದರೆ ಇದು 5,840 ಕೋಟಿ ಲೀಟರ್ ಆಗುತ್ತದೆ. ಒಂದು ಟಿಎಂಸಿ ಎಂದರೆ ಸುಮಾರು 2,832 ಕೋಟಿ ಲೀಟರ್. ಹಾಗಾದರೆ ಮಂಗಳೂರಿನ ಇಡೀ ವರ್ಷದ ಬಳಕೆ ಎರಡು ಟಿಎಂಸಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಅದರಲ್ಲಿಯೂ ನದಿಯ ಹರಿವನ್ನು ನಂಬಲಾಗದ ನೂರು ದಿನಗಳಿಗೆ ಬೇಕಾದದ್ದು ಅರ್ಧ ಟಿಎಂಸಿಗಿಂತ ತುಸು ಹೆಚ್ಚು. ನೇತ್ರಾವತಿಯಂಥ ನದಿಯ ಮುಂದೆ ಇದು ದೊಡ್ಡ ಬೇಡಿಕೆಯಲ್ಲ.

ಇನ್ನೊಂದು ಲೆಕ್ಕವನ್ನೂ ಮಾಡೋಣ. ನಗರದ ಮನೆಬಳಕೆಗೆ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬುದು ಸರಕಾರವೇ ಒಪ್ಪಿಕೊಂಡಿರುವ ಪ್ರಮಾಣ. 16 ಕೋಟಿಯನ್ನು 135ರಿಂದ ಭಾಗಿಸಿದರೆ ಹನ್ನೊಂದೂವರೆ ಲಕ್ಷಕ್ಕೂ ಮಿಕ್ಕಿದ ಜನರಿಗೆ ಸಾಕಾಗಬೇಕು. 2011ರ ಜನಗಣತಿಯಲ್ಲಿ ಪಾಲಿಕೆ ವ್ಯಾಪ್ತಿಯ ಜನಸಂಖ್ಯೆ ಸುಮಾರು ಐದು ಲಕ್ಷವಿತ್ತು. ಆ ಮೇಲೆ ಬೆಳೆದದ್ದನ್ನು ಸೇರಿಸಿ ಏಳು ಲಕ್ಷ ಎಂದೇ ಇಟ್ಟುಕೊಂಡರೂ ತಲೆಗೆ 225 ಲೀಟರ್‌ಗಿಂತ ಹೆಚ್ಚು ಬೀಳುತ್ತದೆ. ಇದೇ ನೀರಿನಲ್ಲಿ ಉಳ್ಳಾಲ, ಮೂಲ್ಕಿಗಳಿಗೆ ಪಾಲು ಹೋಗುತ್ತದೆ, ಕೈಗಾರಿಕೆಗಳಿಗೆ ಹೋಗುತ್ತದೆ, ಆಸ್ಪತ್ರೆ, ಹೋಟೆಲ್, ವಿದ್ಯಾರ್ಥಿ ನಿಲಯಗಳಿಗೆ ಹೋಗುತ್ತದೆ ಎಂಬುದು ನಿಜ. ಹೊರಗಿನಿಂದ ದಿನವೂ ಬಂದು ಹೋಗುವವರೂ ಬಹಳ. ಅಷ್ಟನ್ನೆಲ್ಲ ಕಳೆದ ಮೇಲೂ, ಬೇಸಗೆಯಲ್ಲದ ದಿನಗಳಲ್ಲಿಯೇ ಎತ್ತರದ ಬಡಾವಣೆಗಳ ಮನೆಗಳಿಗೆ ನೀರು ಏರದಿರುವುದು ಏಕೆ? ಕೊಳವೆಯ ಕೊನೆಯಲ್ಲಿರುವವರು ರಾತ್ರಿ ಎರಡು ಗಂಟೆಗೆ ಎದ್ದು ಕೊಡಪಾನ ಇಡುವುದು ಏಕೆ?

ಉತ್ತರ ನೆಲದಡಿಯಲ್ಲಿದೆ. ಹಳೆಯ ಕೊಳವೆಗಳ ಸೋರಿಕೆ, ಮೀಟರಿಗೆ ಬಾರದ ಸಂಪರ್ಕಗಳು, ಎತ್ತರ ತಗ್ಗುಗಳ ಊರಿಗೆ ಹೊಂದದ ಹಳೆಯ ವಿತರಣಾ ಜಾಲ. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಿಂದ ಕರಾವಳಿಯ ನಗರಗಳಿಗೆ ಒಮ್ಮೆ ದೊಡ್ಡ ಯೋಜನೆ ಬಂತು. ಅದಾದ ಮೇಲೆ ದಿನದ 24 ಗಂಟೆಯೂ ನೀರು ಎಂಬ ಭರವಸೆಯೊಂದಿಗೆ ಜಲಸಿರಿ ಯೋಜನೆ ಬಂತು. ಅದಕ್ಕಾಗಿ ರಸ್ತೆಗಳನ್ನು ಅಗೆದದ್ದನ್ನಂತೂ ನಾವೆಲ್ಲ ಕಂಡಿದ್ದೇವೆ. ಹೊಸ ಕೊಳವೆ, ಹೊಸ ಮೀಟರ್, ಹೊಸ ಟ್ಯಾಂಕುಗಳಿಂದ ಸೋರಿಕೆ ಕಡಿಮೆಯಾದರೆ ಅದು ಹೊಸ ಅಣೆಕಟ್ಟಿಗೆ ಸಮ. ಆದರೆ ಎಷ್ಟು ಸೋರುತ್ತಿತ್ತು, ಎಷ್ಟು ನಿಂತಿತು ಎಂಬ ಲೆಕ್ಕ ವಾರ್ಡ್ ವಾರ್ಡಿನಂತೆ ಜನರ ಮುಂದೆ ಬರಬೇಕು. ಅಣೆಕಟ್ಟಿನ ಮಟ್ಟವನ್ನು ದಿನವೂ ಪ್ರಕಟಿಸುವವರು ಕೊಳವೆಯ ಲೆಕ್ಕವನ್ನು ತಿಂಗಳಿಗೊಮ್ಮೆಯಾದರೂ ಪ್ರಕಟಿಸಲಾರರೇ?

ಎತ್ತರಿಸಿದ್ದರ ಬೆಲೆ ತೆತ್ತವರು

ನಮ್ಮ ಓದುಗರಲ್ಲಿ ನಗರದವರಿದ್ದಾರೆ, ಬಂಟ್ವಾಳ ಕಡೆಯ ತೋಟದವರೂ ಇದ್ದಾರೆ. ತುಂಬೆ ಎಂಬ ಹೆಸರು ಇಬ್ಬರ ಕಿವಿಗೂ ಒಂದೇ ರೀತಿ ಕೇಳಿಸುವುದಿಲ್ಲ ಎಂಬುದನ್ನು ಹೇಳಲೇಬೇಕು.

ನೀರನ್ನು ಒಂದು ಮೀಟರ್ ಎತ್ತರಿಸಿದರೆ ನಗರಕ್ಕೆ ಅದು ಇಷ್ಟು ಹೆಚ್ಚುವರಿ ದಿನಗಳು ಎಂಬ ಲೆಕ್ಕ. ಮೇಲ್ಭಾಗದ ಸಜಿಪಮುನ್ನೂರು, ಪಾಣೆಮಂಗಳೂರು ಮೊದಲಾದ ಕಡೆ ನದಿದಡದ ಕೃಷಿಕನಿಗೆ ಅದು ಇಷ್ಟು ಸೆಂಟ್ಸ್ ಜಾಗ, ಇಷ್ಟು ಅಡಿಕೆ ಮರ, ಇಷ್ಟು ತೆಂಗು ಎಂಬ ಲೆಕ್ಕ. ನೇರವಾಗಿ ಮುಳುಗುವ ಜಮೀನು ಒಂದು ಬಗೆ. ಮುಳುಗದಿದ್ದರೂ ಬುಡದಲ್ಲಿ ಸದಾ ನೀರು ನಿಂತು ಬೇರು ಕೊಳೆಯುವ ಜಮೀನು ಇನ್ನೊಂದು ಬಗೆ. ಇದನ್ನು ವರತೆ ಪ್ರದೇಶ ಎನ್ನುತ್ತಾರೆ. ಮುಳುಗಡೆಗೆ ಪರಿಹಾರ ಕೊಡುವುದನ್ನು ಸರಕಾರ ಒಪ್ಪುತ್ತದೆ, ಆದರೆ ವರತೆಯ ವಿಷಯ ಬಂದಾಗ ಸರ್ವೆ, ಮರುಸರ್ವೆ, ಕಡತ, ಸಭೆ ಎಂದು ವರ್ಷಗಳು ಉರುಳುತ್ತವೆ. ಅಡಿಕೆ ಮರ ಸತ್ತದ್ದು ಕಣ್ಣಿಗೆ ಕಾಣುತ್ತದೆ, ಯಾವ ನೀರಿನಿಂದ ಸತ್ತಿತು ಎಂಬುದನ್ನು ಕಾಗದದಲ್ಲಿ ತೋರಿಸುವುದು ಸುಲಭವಲ್ಲ. ತುಂಬೆ ಅಣೆಕಟ್ಟಿನ ಸಂತ್ರಸ್ತ ರೈತರು ಬಿ.ಸಿ.ರೋಡಿನಲ್ಲಿಯೂ ಮಂಗಳೂರಿನಲ್ಲಿಯೂ ಧರಣಿ ಕುಳಿತದ್ದು ಅಣೆಕಟ್ಟು ಬೇಡವೆಂದಲ್ಲ, ನಮ್ಮ ಜಮೀನಿನ ಬೆಲೆ ಕೊಟ್ಟು ನೀರು ನಿಲ್ಲಿಸಿ ಎಂದು. ಇದರಲ್ಲಿ ನ್ಯಾಯವಿಲ್ಲ ಎಂದು ಯಾರು ಹೇಳಬಲ್ಲರು?

ನೀರು ಕಡಿಮೆಯಾದ ವರ್ಷಗಳಲ್ಲಿ ಅವರಿಗೆ ಎರಡನೆಯ ಪೆಟ್ಟು ಬೀಳುತ್ತದೆ. ಕುಡಿಯುವ ನೀರಿಗೆ ಮೊದಲ ಆದ್ಯತೆ ಎಂಬ ಕಾರಣದಿಂದ ಅಣೆಕಟ್ಟಿನ ಮೇಲ್ಭಾಗದಲ್ಲಿ ಕೃಷಿ ಪಂಪುಗಳಿಂದ ನೀರೆತ್ತುವುದಕ್ಕೆ ನಿರ್ಬಂಧ ಬರುತ್ತದೆ. ಆದ್ಯತೆಯ ತತ್ತ್ವ ಸರಿಯಾದದ್ದೇ, ಅದನ್ನು ನಾವು ಪ್ರಶ್ನಿಸುವುದಿಲ್ಲ. ಬಾಯಾರಿದವನ ಮುಂದೆ ಅಡಿಕೆ ಮರ ಎರಡನೆಯದು. ಆದರೆ ಕುಡಿಯುವ ನೀರು ಎಂದು ಪಡೆದದ್ದೆಲ್ಲ ಕುಡಿಯಲು ಹೋಗುತ್ತಿದೆಯೇ? ಒಂದು ಕಡೆ ಕೃಷಿಕನ ಪಂಪು ನಿಂತಿರುವಾಗ ಇನ್ನೊಂದು ಕಡೆ ಬಹುಮಹಡಿ ಕಟ್ಟಡದ ಅಂಗಳದ ಹುಲ್ಲುಹಾಸಿಗೆ ಪೈಪು ಹಿಡಿದಿರುವುದು ನಮ್ಮ ಕಣ್ಣ ಮುಂದಿನ ಸತ್ಯ. ಹತ್ತು ವರ್ಷ ಬೆಳೆಸಿದ ತೋಟ ಒಂದು ಬೇಸಗೆಯಲ್ಲಿ ಒಣಗಿದರೆ ಮುಂದಿನ ಮಳೆಗೆ ಅದು ಹಿಂದೆ ಬರುವುದಿಲ್ಲ. ಕೃಷಿಕ ನಷ್ಟ ಹೊತ್ತದ್ದು ನಗರಕ್ಕಾಗಿ. ಆ ನಷ್ಟದ ಒಂದು ಪಾಲು ನಗರದ ನೀರಿನ ಬಿಲ್ಲಿನಲ್ಲಿ ಬರಬೇಕು ಎಂದು ನಾವು ಹೇಳಿದರೆ ನಗರದ ಓದುಗರಿಗೆ ರುಚಿಸದಿರಬಹುದು, ಆದರೂ ಹೇಳುತ್ತೇವೆ.

ಕೈಗಾರಿಕೆಗಳ ವಿಷಯದಲ್ಲಿ ಒಂದು ಒಳ್ಳೆಯ ಮಾತನ್ನೂ ಹೇಳಬೇಕು. ಎಂಆರ್‌ಪಿಎಲ್ ತನ್ನ ನೀರನ್ನು ಸರಪಾಡಿ ಬಳಿ ಇದೇ ನೇತ್ರಾವತಿಯಿಂದ ತರುತ್ತಿತ್ತು. 2012ರ ಬೇಸಗೆಯಲ್ಲಿ ನೀರಿಲ್ಲದೆ ಘಟಕಗಳನ್ನು ನಿಲ್ಲಿಸಬೇಕಾಯಿತು. ಆಮೇಲೆ ಕಾವೂರಿನಲ್ಲಿ ಶುದ್ಧೀಕರಿಸಿದ ನಗರದ ಒಳಚರಂಡಿ ನೀರನ್ನು ಬಳಸಿಕೊಳ್ಳುವ ವ್ಯವಸ್ಥೆ ಬಂತು. ತಣ್ಣೀರುಬಾವಿಯಲ್ಲಿ ದಿನಕ್ಕೆ ಮೂರು ಕೋಟಿ ಲೀಟರ್ ಸಮುದ್ರದ ನೀರನ್ನು ಸಿಹಿ ಮಾಡುವ ಘಟಕವೂ ಆಯಿತು. ಅದು ದುಬಾರಿ, ವಿದ್ಯುತ್ ಬಹಳ ಬೇಕು. ಆದರೆ ಎಣ್ಣೆ ಶುದ್ಧೀಕರಿಸುವ ಕಂಪೆನಿಗೆ ಆ ಖರ್ಚು ತಾಳುತ್ತದೆ, ನದಿದಡದ ಕೃಷಿಕನಿಗೆ ತಾಳದು. ಅಗತ್ಯ ಬಂದಾಗ ದಾರಿ ಕಾಣುತ್ತದೆ ಎಂಬುದಕ್ಕೆ ಇದು ಉದಾಹರಣೆ. ಉಳಿದ ದೊಡ್ಡ ಬಳಕೆದಾರರೂ ಅದೇ ದಾರಿ ಹಿಡಿಯುವಂತೆ ಮಾಡುವುದು ಜಿಲ್ಲಾಡಳಿತದ ಕೆಲಸ.

ನದಿಯ ಮೇಲೆ ಕಿಂಡಿ ಅಣೆಕಟ್ಟುಗಳೂ ಹೆಚ್ಚಾಗಿವೆ. ತುಂಬೆಯ ಮೇಲ್ಗಡೆ ಶಂಭೂರಿನಲ್ಲಿ ವಿದ್ಯುತ್ತಿಗಾಗಿ ಕಟ್ಟಿದ ಎಎಂಆರ್ ಅಣೆಕಟ್ಟಿದೆ. ತುಂಬೆಯಲ್ಲಿ ನೀರು ಇಳಿದಾಗ ಅಲ್ಲಿಂದ ಬಿಡಿಸಿಕೊಳ್ಳುವುದು ವಾಡಿಕೆ. ಬಂಟ್ವಾಳದ ಜಕ್ರಿಬೆಟ್ಟಿನಲ್ಲಿಯೂ ತುಂಬೆಯ ಕೆಳಗಡೆ ಹರೇಕಳ ಅಡ್ಯಾರ್ ನಡುವೆಯೂ ಸೇತುವೆ ಸಹಿತ ಅಣೆಕಟ್ಟುಗಳು ಬಂದಿವೆ. ಹರೇಕಳದ್ದು ಉಪ್ಪುನೀರನ್ನು ತಡೆಯುತ್ತದೆ, ಆಚೀಚೆಯ ಬಾವಿಗಳಿಗೆ ಇದರಿಂದ ಉಪಕಾರವಾಗಬೇಕು. ಇವೆಲ್ಲ ಒಳ್ಳೆಯದೇ. ಆದರೆ ಒಂದೇ ನದಿಯಲ್ಲಿ ಒಂದರ ಕೆಳಗೆ ಒಂದು ಗೇಟು ಹಾಕಿದಾಗ, ಯಾವ ದಿನ ಯಾರು ಎಷ್ಟು ನೀರು ಬಿಡಬೇಕು ಎಂಬುದನ್ನು ತೀರ್ಮಾನಿಸುವ ಒಂದು ಸಮಿತಿ ಬೇಕು, ಅದರಲ್ಲಿ ಕೃಷಿಕನಿಗೂ ಕುರ್ಚಿ ಬೇಕು. ಪಾಲಿಕೆಯ ಗೇಟು, ಸಣ್ಣ ನೀರಾವರಿ ಇಲಾಖೆಯ ಗೇಟು, ಖಾಸಗಿ ಕಂಪೆನಿಯ ಗೇಟು ಎಂದು ನದಿಯನ್ನು ತುಂಡು ಮಾಡಿ ನೋಡಿದರೆ ಕಷ್ಟದ ದಿನ ಬಂದಾಗ ಒಬ್ಬರು ಇನ್ನೊಬ್ಬರ ಮುಖ ನೋಡಬೇಕಾಗುತ್ತದೆ.

ಇನ್ನು ಎತ್ತಿನಹೊಳೆ. ಇದನ್ನು ಬಿಟ್ಟು ನೇತ್ರಾವತಿಯ ಮಾತು ಪೂರ್ಣವಾಗದು. ಸಕಲೇಶಪುರ ಭಾಗದ ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳಗಳ 24.01 ಟಿಎಂಸಿ ನೀರನ್ನು ಮಳೆಗಾಲದಲ್ಲಿ ಎತ್ತಿ ಕೋಲಾರ, ಚಿಕ್ಕಬಳ್ಳಾಪುರ ಮೊದಲಾದ ಬಯಲುಸೀಮೆಯ ಜಿಲ್ಲೆಗಳಿಗೆ ಒಯ್ಯುವ ಯೋಜನೆ ಇದು. 2014ರಲ್ಲಿ ಶಂಕುಸ್ಥಾಪನೆಯಾಗಿ, 2024ರ ಸೆಪ್ಟೆಂಬರ್ 6ರಂದು ಮೊದಲ ಹಂತ ಉದ್ಘಾಟನೆಯಾಯಿತು. ಅಂದಾಜು ವೆಚ್ಚ 23 ಸಾವಿರ ಕೋಟಿ ದಾಟಿದೆ. ಈ ಹೊಳೆಗಳು ಕುಮಾರಧಾರೆಯ ಮೂಲಕ ನೇತ್ರಾವತಿಯನ್ನು ಸೇರುವಂಥವು. ಮಳೆಗಾಲದಲ್ಲಿ ಸಮುದ್ರಕ್ಕೆ ಹೋಗುವ ನೀರನ್ನಷ್ಟೇ ತೆಗೆಯುತ್ತೇವೆ, ಬೇಸಗೆಯ ಹರಿವಿಗೆ ತೊಂದರೆಯಿಲ್ಲ ಎಂಬುದು ಸರಕಾರದ ವಾದ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನ ಆ ಹಳ್ಳಗಳಲ್ಲಿ ಒಟ್ಟು ಸಿಗುವುದೇ 9.55 ಟಿಎಂಸಿ ಎಂದು ಹೇಳಿತ್ತು. ಕೋಲಾರದ ತಾಯಂದಿರ ಬಾಯಾರಿಕೆ ನಮ್ಮದಕ್ಕಿಂತ ಕಡಿಮೆಯದ್ದಲ್ಲ. ಫ್ಲೋರೈಡ್ ತುಂಬಿದ ಬೋರ್‌ವೆಲ್ ನೀರು ಕುಡಿಯುವವರ ಮುಂದೆ ನಿಂತು 'ನಮ್ಮ ನದಿ' ಎಂದು ಜಗಳವಾಡುವುದು ನಮಗೆ ಒಪ್ಪಿಗೆಯಿಲ್ಲ. ನಮ್ಮ ಆಕ್ಷೇಪ ಬೇರೆ. ಮಳೆಗಾಲದ ನೀರು ವ್ಯರ್ಥ ಎಂಬ ಮಾತೇ ತಪ್ಪು. ಅಳಿವೆಯಲ್ಲಿ ಮೀನು ಮರಿಯಾಗುವುದು ಆ ಸಿಹಿನೀರಿನಿಂದ, ಇದನ್ನು ನಮ್ಮ ಕಡಲತೀರದ ಮೀನುಗಾರರು ಯಾವ ವಿಜ್ಞಾನಿಗೂ ಕಡಿಮೆಯಿಲ್ಲದಂತೆ ಬಲ್ಲರು. ಮತ್ತೆ, ಕೊಳವೆ ಹಾಕಲು ಘಟ್ಟದ ಕಾಡನ್ನು ಕಡಿದು ಗುಡ್ಡವನ್ನು ಅಗೆದಾಗ ಬೇಸಗೆಯ ನೀರನ್ನು ಹಿಡಿದಿಡುವ ಪಾತ್ರೆಯನ್ನೇ ತೂತು ಮಾಡಿದಂತಾಗುತ್ತದೆ. 24 ಟಿಎಂಸಿಗೆ ಹೋಲಿಸಿದರೆ ಮಂಗಳೂರಿಗೆ ಬೇಸಗೆಯಲ್ಲಿ ಬೇಕಾದ ಅರ್ಧ ಟಿಎಂಸಿ ಬಹಳ ಸಣ್ಣದು, ಆದರೆ ಅದು ಬೇಕಾದದ್ದು ಏಪ್ರಿಲ್‌ನಲ್ಲಿ, ಜುಲೈಯಲ್ಲಲ್ಲ.

ನಮ್ಮ ಅಂಗಳದ ಬಾವಿ

ಹೀಗೆಲ್ಲ ಸರಕಾರ, ಪಾಲಿಕೆ, ಕಂಪೆನಿ ಎಂದು ಬೆರಳು ತೋರಿಸಿದ ಮೇಲೆ ನಮ್ಮ ಕಡೆಗೂ ನೋಡಬೇಕಲ್ಲ. ತುಂಬೆಯ ನೀರು ಬರುವ ಮೊದಲು ಮಂಗಳೂರು ಬದುಕಿದ್ದು ಬಾವಿಗಳಿಂದ. ಮನೆಗೊಂದು ಬಾವಿ, ಚರ್ಚಿಗೊಂದು, ಶಾಲೆಗೊಂದು, ಕಾನ್ವೆಂಟಿಗೊಂದು. ಮುರಕಲ್ಲಿನ ಈ ನೆಲ ಸ್ಪಂಜಿನಂತೆ, ನೀರು ಕುಡಿಯಲು ಬಿಟ್ಟರೆ ಕುಡಿಯುತ್ತದೆ. ನಲ್ಲಿ ಬಂದ ಮೇಲೆ ಬಾವಿಯ ಮೇಲೆ ಅಕ್ಕರೆ ಹೋಯಿತು. ಕೆಲವನ್ನು ಮುಚ್ಚಿ ಅದರ ಮೇಲೆ ಕಾರು ನಿಲ್ಲಿಸಿದೆವು. ಕೆಲವಕ್ಕೆ ಒಳಚರಂಡಿಯ ನೀರು ಸೇರಿ ಮೂಗು ಮುಚ್ಚಿಕೊಳ್ಳುವಂತಾಯಿತು. 2019ರ ಆಗಸ್ಟ್‌ನಲ್ಲಿ ಪಚ್ಚನಾಡಿಯ ಕಸದ ರಾಶಿ ಮಂದಾರಕ್ಕೆ ಜಾರಿ ಅಲ್ಲಿಯ ಮನೆ, ತೋಟ, ಬಾವಿಗಳನ್ನು ನುಂಗಿದ್ದು ಎಲ್ಲರಿಗೂ ಗೊತ್ತಿದೆ. ಆ ಕಸ ನಗರದ ಮನೆಮನೆಯಿಂದ ಹೋದದ್ದು.

ಚರ್ಚ್ ಅಂಗಳಗಳ ವಿಷಯವನ್ನೂ ಮರೆಮಾಚದೆ ಹೇಳೋಣ. ಹಬ್ಬದ ಸಮಯದಲ್ಲಿ ಕೆಸರಾಗುತ್ತದೆ, ವಾಹನ ನಿಲ್ಲಿಸಲು ಅನುಕೂಲವಾಗಲಿ ಎಂದು ಮೂಲೆಯಿಂದ ಮೂಲೆಗೆ ಇಂಟರ್‌ಲಾಕ್ ಹಾಸಿದ್ದೇವೆ. ನೋಡಲು ಚೆಂದ, ದಾನಿಗಳ ಹೆಸರಿನ ಫಲಕವೂ ಇದೆ. ಆದರೆ ಅಂಗಳದಲ್ಲಿ ಇಳಿಯಬೇಕಾಗಿದ್ದ ನೀರು ಈಗ ಗೇಟಿನ ಹೊರಗಿನ ಚರಂಡಿಗೆ ಹೋಗುತ್ತದೆ. ಆಮೇಲೆ ಏಪ್ರಿಲ್ ಮೇ ತಿಂಗಳ ಮದುವೆಗಳ ದಿನಗಳಲ್ಲಿ ಸಭಾಂಗಣಕ್ಕೆ ದಿನಕ್ಕೆ ಎರಡು ಮೂರು ಟ್ಯಾಂಕರ್ ತರಿಸುತ್ತೇವೆ. ಆ ಟ್ಯಾಂಕರಿನ ನೀರು ಎಲ್ಲಿಯದು? ಪಕ್ಕದ ಹಳ್ಳಿಯ ಯಾರದೋ ಬಾವಿಯದ್ದು ಅಥವಾ ಬೋರ್‌ವೆಲ್ಲಿನದ್ದು. ಅಲ್ಲಿ ಮಟ್ಟ ಇಳಿದರೆ ಆ ಹಳ್ಳಿಯ ಬಡವರ ಕೊಡಪಾನ ಖಾಲಿ.

ನೂರು ಚದರ ಮೀಟರ್ ಛಾವಣಿಯ ಮೇಲೆ ನಮ್ಮ ಊರಿನಲ್ಲಿ ವರ್ಷಕ್ಕೆ ಮೂರೂವರೆ ಲಕ್ಷ ಲೀಟರ್ ಮಳೆ ಬೀಳುತ್ತದೆ. ಒಂದು ಸಾಧಾರಣ ಚರ್ಚು, ಅದರ ಸಭಾಂಗಣ, ಶಾಲಾ ಕಟ್ಟಡ ಎಲ್ಲ ಸೇರಿ ಎರಡು ಸಾವಿರ ಚದರ ಮೀಟರ್ ಛಾವಣಿ ಇದ್ದರೆ ಎಪ್ಪತ್ತು ಲಕ್ಷ ಲೀಟರ್. ಇದನ್ನೆಲ್ಲ ಟ್ಯಾಂಕಿಯಲ್ಲಿ ತುಂಬಿಡಲು ಆಗದು, ಆಗಬೇಕಾಗಿಯೂ ಇಲ್ಲ. ಮರಳು, ಜಲ್ಲಿ, ಇದ್ದಿಲು ಹಾಕಿದ ಸೋಸುಗುಂಡಿಯ ಮೂಲಕ ಬಾವಿಗೆ ಬಿಟ್ಟರೆ ನೆಲವೇ ಟ್ಯಾಂಕಿ. 2019ರ ಬರದ ನಂತರ ಜಿಲ್ಲೆಯಲ್ಲಿ ಮಳೆಕೊಯ್ಲಿನ ಉತ್ಸಾಹವೇನೋ ಬಂತು, ಹಲವು ಮನೆಗಳಲ್ಲಿ, ಸಂಸ್ಥೆಗಳಲ್ಲಿ ಮಾಡಿದರು. ಮಾಡಿದವರಲ್ಲಿ ಕೆಲವರು ಸೋಸುಗುಂಡಿಯ ಮರಳನ್ನು ಆಮೇಲೆ ತೊಳೆದೇ ಇಲ್ಲ, ಪೈಪಿನ ಬಾಯಿಯಲ್ಲಿ ಎಲೆ ಕೊಳೆತಿದೆ. ಫೋಟೋ ತೆಗೆದ ಮೇಲೆ ಕೆಲಸ ಮುಗಿಯಿತು ಎಂದುಕೊಂಡಂತಿದೆ.

ನಮ್ಮ ಧರ್ಮಕೇಂದ್ರಗಳ ಪಾಲನಾ ಪರಿಷತ್ತುಗಳು ಬಯಸಿದರೆ ದೊಡ್ಡ ಖರ್ಚಿಲ್ಲದೆ ಮೊದಲು ಮಾಡಬಹುದಾದ ಒಂದು ಕೆಲಸವಿದೆ. ವಾಳೆಯ ಗುರಿಕಾರರು ತಮ್ಮ ವಾಳೆಯಲ್ಲಿ ಎಷ್ಟು ಬಾವಿಗಳಿವೆ, ಎಷ್ಟು ಬಳಕೆಯಲ್ಲಿವೆ, ಎಷ್ಟು ಮುಚ್ಚಿವೆ, ಎಷ್ಟರ ನೀರು ಕೆಟ್ಟಿದೆ ಎಂದು ಮನೆ ಭೇಟಿಯ ಸಮಯದಲ್ಲಿಯೇ ಬರೆದುಕೊಳ್ಳಬಹುದು. ನೆರೆಯ ಹಿಂದೂ ಮುಸ್ಲಿಂ ಮನೆಗಳ ಬಾವಿಗಳನ್ನೂ ಸೇರಿಸಿಕೊಳ್ಳಬೇಕು, ಏಕೆಂದರೆ ನೆಲದಡಿಯ ನೀರಿಗೆ ಬೇಲಿಯಿಲ್ಲ. ಕೆಟ್ಟ ಬಾವಿಯ ನೀರನ್ನು ಪರೀಕ್ಷೆಗೆ ಕಳುಹಿಸಿ, ಒಳಚರಂಡಿ ಸೋರಿಕೆ ಕಂಡುಬಂದರೆ ಆ ವರದಿಯನ್ನು ಹಿಡಿದು ಪಾಲಿಕೆಯ ಬಾಗಿಲು ತಟ್ಟಬಹುದು. ಬಾಯಿಮಾತಿನ ದೂರಿಗಿಂತ ಐವತ್ತು ಬಾವಿಗಳ ಪಟ್ಟಿಗೆ ಹೆಚ್ಚು ಬೆಲೆಯಿದೆ.

ಚರ್ಚಿನ ಬಾವಿಗೆ ಯುವಜನರು ಒಂದು ಪುಸ್ತಕ ಇಡಲಿ. ಮಳೆ ನಿಂತ ಮೇಲೆ ಪ್ರತಿ ಭಾನುವಾರ ಬಲಿಪೂಜೆಯ ನಂತರ, ಅಡಿ ಅಡಿಗೆ ಗಂಟು ಹಾಕಿದ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿ, ದಂಡೆಯಿಂದ ನೀರಿಗೆ ಎಷ್ಟು ಅಡಿ ಎಂದು ದಿನಾಂಕದೊಂದಿಗೆ ಬರೆದಿಟ್ಟರೆ ಸಾಕು. ಎರಡು ಬೇಸಗೆ ಹೀಗೆ ಬರೆದರೆ, ಮುಂದಿನ ಬಾರಿ ತುಂಬೆಯ ಮಟ್ಟ ನಾಲ್ಕಕ್ಕೆ ಇಳಿದಾಗ ಆ ವಠಾರದಲ್ಲಿ ಯಾವ ಬಾವಿಯಿಂದ ಎಷ್ಟು ಮನೆಗಳಿಗೆ ನೀರು ಕೊಡಬಹುದು ಎಂಬುದು ಟ್ಯಾಂಕರಿಗೆ ಫೋನ್ ಮಾಡುವ ಮೊದಲೇ ಗೊತ್ತಿರುತ್ತದೆ.